ಮನೆ ಎಲ್ಲಿಗೆ ಬಂತು?



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. ಇದೇ ಗಾದೆ ಮರಾಠಿಯಲ್ಲಿಯೂ ಇದೆ. ರಾಜ್ಯಗಳಿಗೆ ಗಡಿ ಇದ್ದರೂ ಮನೆ ಕಟ್ಟುವವರ ಬವಣೆಗೆ ಗಡಿ ಇಲ್ಲ. ಪಾಯಾ ತೋಡಿದ ದಿನದಿಂದ ಊರೆಲ್ಲ ಕೇಳುವ ಪ್ರಶ್ನೆಯೂ ಒಂದೇ: “ಮನೆ ಎಲ್ಲಿಗೆ ಬಂತು?” ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಈ ಮಾತು ಕೇಳಿಬರುತ್ತದೆ. ಕೆಲಸ ನಡೆದಿದ್ದರೆ ಉತ್ತರ ಕೊಡುವವರ ಮುಖ ಅರಳುತ್ತದೆ. ನಿಂತುಹೋಗಿದ್ದರೆ ಅದೇ ಪ್ರಶ್ನೆ ಮುಳ್ಳಿನಂತೆ ಚುಚ್ಚುತ್ತದೆ. ಈ ತಿಂಗಳು ಆ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳೋಣ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕುಣಿಕೋಣೂರ ಮತ್ತು ಅದರ ಸುತ್ತಿನ ಸೀಮೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜತ್ತ, ನಮ್ಮ ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ಅಂಟಿಕೊಂಡ ತಾಲೂಕು. ಇಲ್ಲಿ ಅನೇಕರು ಮನೆಯಲ್ಲಿ, ಹೊಲದಲ್ಲಿ ಆಡುವ ಮಾತು ಕನ್ನಡ. ಕಚೇರಿಯ ಕಾಗದ ಮರಾಠಿ. ಮಳೆ ಕಡಿಮೆ, ಬರ ಪದೇ ಪದೇ. 2022ರ ನವೆಂಬರಿನಲ್ಲಿ ಗಡಿಯ ವಿಚಾರವಾಗಿ ಈ ತಾಲೂಕಿನ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಬಂದಾಗಲೂ ಆ ಮಾತಿನ ಬೇರಿನಲ್ಲಿ ಇದ್ದದ್ದು ನೀರಿನ ಕೊರತೆಯೇ. ಇಂಥ ಕಡೆ ಮನೆ ಕಟ್ಟುವವರು ದುಡ್ಡಿನ ಲೆಕ್ಕ ಮಾತ್ರ ಹಾಕಿದರೆ ಸಾಲದು, ನೀರಿನ ಲೆಕ್ಕವನ್ನೂ ಹಾಕಬೇಕು.

ಮಾಳಿಗೆಯಿಂದ ಸ್ಲ್ಯಾಬಿಗೆ

ಈ ಸೀಮೆಯ ಹಳೆಯ ಮನೆಗಳು ಮಾಳಿಗೆ ಮನೆಗಳು. ಕಲ್ಲು ಮಣ್ಣಿನ ದಪ್ಪ ಗೋಡೆ, ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮೇಲ್ಮುದ್ದೆ, ಬೆಳಕಿಗೆ ಒಂದು ಬೆಳಕಿಂಡಿ. ಮನೆಯ ಅಳತೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಮರಾಠಿಯವರು ಅದನ್ನೇ ಖಣ ಎನ್ನುತ್ತಾರೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಸಾಮಾನು ಊರಿನದೇ, ಕೆಲಸದವರೂ ಊರಿನವರೇ. ಆದರೆ ಸೋರಬಾರದೆಂದು ಮಾಳಿಗೆಗೆ ಮತ್ತೆ ಮತ್ತೆ ಮಣ್ಣು ಹಾಕುತ್ತ ಹೋದಂತೆ ತಲೆಯ ಮೇಲಿನ ಭಾರ ಏರುತ್ತಲೇ ಇರುತ್ತಿತ್ತು.

ಆ ಭಾರ ಎಂಥದೆಂಬುದನ್ನು 1993ರ ಸೆಪ್ಟೆಂಬರ್ 30ರ ನಸುಕು ತೋರಿಸಿತು. ಲಾತೂರ ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ, ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಸಾವಿರಾರು ಜನ ತಮ್ಮದೇ ಮನೆಯ ಕಲ್ಲು ಮಣ್ಣಿನಡಿ ಸಿಕ್ಕು ಸತ್ತರು. ಗುಂಡುಕಲ್ಲುಗಳನ್ನು ಬರಿಯ ಮಣ್ಣಿನಲ್ಲಿ ಕೂಡಿಸಿದ್ದು, ಗೋಡೆಯ ಒಳಮೈ ಹೊರಮೈಗಳನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಇಡದಿದ್ದದ್ದು, ಮೇಲೆ ಅಡಿಗಟ್ಟಲೆ ಮಣ್ಣು ಹೇರಿದ್ದು ಈ ಸಾವುಗಳಿಗೆ ದೊಡ್ಡ ಕಾರಣವಾಯಿತು. ಅಂದಿನಿಂದ ಮಾಳಿಗೆ ಮನೆ ಎಂದರೆ ಅಂಜಿಕೆ, ಸ್ಲ್ಯಾಬಿನ ಮನೆ ಎಂದರೆ ಭದ್ರತೆ ಎಂಬ ಭಾವನೆ ಬಲವಾಯಿತು. ಆದರೆ ಸ್ಲ್ಯಾಬು ತಾನಾಗಿಯೇ ಭದ್ರವಲ್ಲ. ಅದನ್ನು ಭದ್ರ ಮಾಡುವುದು ಪಾಯಾ, ಸಳಿ, ಗೌಂಡಿಯ ಕೈ, ಎಲ್ಲಕ್ಕಿಂತ ಹೆಚ್ಚಾಗಿ ನೀರು.

ಘರಕುಲದ ಕಂತುಗಳು

ಸರ್ಕಾರದ ನೆರವಿನ ಮನೆಗೆ ಜತ್ತದ ಕಡೆ ಘರಕುಲ ಎನ್ನುತ್ತಾರೆ. 1985ರಲ್ಲಿ ಆರಂಭವಾದ ಇಂದಿರಾ ಆವಾಸ ಯೋಜನೆಯ ಜಾಗದಲ್ಲಿ 2016ರಲ್ಲಿ ಪ್ರಧಾನಮಂತ್ರಿ ಆವಾಸ ಯೋಜನೆಯ ಗ್ರಾಮೀಣ ವಿಭಾಗ ಬಂತು. ನೆರವಿನ ಮೊತ್ತ 70 ಸಾವಿರದಿಂದ ಬಯಲು ಸೀಮೆಗೆ 1 ಲಕ್ಷ 20 ಸಾವಿರ ರೂಪಾಯಿಗೆ ಏರಿತು. ಮನೆಯ ಕನಿಷ್ಠ ಅಳತೆ ಅಡುಗೆಯ ಜಾಗ ಸೇರಿ 20ರಿಂದ 25 ಚದರ ಮೀಟರಿಗೆ, ಅಂದರೆ ಸುಮಾರು 270 ಚದರ ಅಡಿಗೆ ಏರಿತು. ಶೌಚಾಲಯಕ್ಕೆ ಬೇರೆ 12 ಸಾವಿರ. 2024ರಲ್ಲಿ ಯೋಜನೆಯನ್ನು ಇನ್ನೂ ಐದು ವರ್ಷ ಮುಂದುವರಿಸಿದಾಗ ಮೂಲ ನೆರವು ಅಷ್ಟೇ ಉಳಿಯಿತು. ಮಹಾರಾಷ್ಟ್ರ ಸರ್ಕಾರ 2025ರಲ್ಲಿ ತನ್ನ ಕಡೆಯಿಂದ 50 ಸಾವಿರ ಹೆಚ್ಚುವರಿಯಾಗಿ ಕೊಡುವುದಾಗಿ ಘೋಷಿಸಿತು. ಘರಕುಲದವರಿಗೆ 5 ಬ್ರಾಸ್ ಉಸುಕು ಪುಕ್ಕಟೆ ಎಂದೂ ಹೇಳಿತು. ಒಂದು ಬ್ರಾಸ್ ಎಂದರೆ ನೂರು ಘನ ಅಡಿ.

ಈ ಹಣ ಒಮ್ಮೆಗೇ ಬರುವುದಿಲ್ಲ. ಮಂಜೂರಾತಿಗೆ ಒಂದು ಕಂತು, ಪಾಯಾ ಮುಗಿದರೆ ಒಂದು, ಗೋಡೆ ಲಿಂಟಲ್ಲಿಗೆ ಅಥವಾ ಮೇಲ್ಛಾವಣಿಗೆ ಬಂದರೆ ಇನ್ನೊಂದು, ಹೀಗೆ. ಪ್ರತಿ ಹಂತದಲ್ಲಿ ಜಾಗದ ಗುರುತು ಸಹಿತ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. “ಮನೆ ಎಲ್ಲಿಗೆ ಬಂತು?” ಎಂದು ಊರು ಕೇಳುವ ಮೊದಲೇ ಸರ್ಕಾರ ಕೇಳುತ್ತದೆ ಎನ್ನೋಣ. ವ್ಯವಸ್ಥೆ ಒಳ್ಳೆಯದೇ, ಮನೆಗೆಂದು ಬಂದ ಹಣ ಮನೆಗೇ ಹೋಗುತ್ತದೆ. ಆದರೆ ಮೊದಲು ಕಟ್ಟಬೇಕು, ಆಮೇಲೆ ಹಣ. ಈ ನಡುವಿನ ತಿಂಗಳುಗಳನ್ನು ಬಡ ಕುಟುಂಬ ದಾಟುವುದು ಹೇಗೆ? ಇಲ್ಲಿಯೇ ಕೈಸಾಲ ಒಳಗೆ ಬರುತ್ತದೆ.

ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು. ಒಂದು ಲಕ್ಷಕ್ಕೆ ತಿಂಗಳಿಗೆ 3 ಸಾವಿರ, ವರ್ಷಕ್ಕೆ 36 ಸಾವಿರ. ಮೂರು ವರ್ಷ ಬಡ್ಡಿಯನ್ನಷ್ಟೇ ಕಟ್ಟಿದರೆ 1 ಲಕ್ಷ 8 ಸಾವಿರ ಹೋಗಿರುತ್ತದೆ, ಅಸಲು ಹಾಗೆಯೇ ನಿಂತಿರುತ್ತದೆ. ಒಂದು ಕೋಣೆ ದೊಡ್ಡದಾಗಲಿ ಎಂದು ಮಾಡಿದ ಸಾಲ ಇನ್ನೊಂದು ಕೋಣೆಯನ್ನೇ ನುಂಗಿಬಿಡುತ್ತದೆ.

ನೀರಿನ ಲೆಕ್ಕ

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು ತಿಳುವಳಿಕೆ. ಸಿಮೆಂಟು ನೀರನ್ನು ಕುಡಿದು ಗಟ್ಟಿಯಾಗುತ್ತದೆ. ಬೇಗ ಒಣಗಿದ ಕಾಂಕ್ರೀಟು ಬಿರುಕು ಬಿಡುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಹಾಕಿದ ಮೇಲೆ ದಿನವೂ ನೀರು ಹೊಡೆಯಬೇಕು. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ. ಬಿಸಿಲು, ಒಣಗಾಳಿಯ ಕಡೆ 14 ದಿನ ಮಾಡುವುದು ಲೇಸು ಎಂದು ದೇಶದ ಕಟ್ಟಡ ನಿಯಮ ಹೇಳುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಚೀಲಗಳಲ್ಲಿ ಪಿಪಿಸಿಯೇ ಹೆಚ್ಚು. ಚೀಲದ ಮೇಲೆ ಬರೆದಿರುತ್ತದೆ, ಓದಿ ನೋಡಿ.

25 ಚದರ ಮೀಟರಿನ ಸ್ಲ್ಯಾಬಿನ ಮೇಲೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 625 ಲೀಟರ್ ಬೇಕು. ಬಿಸಿಲಿಗೆ ಆರಿದ್ದನ್ನು ಎರಡು ವಾರ ತುಂಬಿಸುತ್ತಿರಬೇಕು. ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ಊರಿನಲ್ಲಿ ಈ ನೀರನ್ನು ಎಲ್ಲಿಂದ ತರುವುದು? ತಲೆಯ ಮೇಲೆ ಕೊಡ ಹೊತ್ತು ತರುವ ತಾಯಂದಿರಿಗೆ ಇದರ ಭಾರ ಗೊತ್ತು. “ಮೂರು ದಿನ ಹೊಡೆದಿದ್ದೇವಲ್ಲ, ಸಾಕು ಬಿಡಿ” ಎಂಬ ಮಾತು ಹುಟ್ಟುವುದು ಇಲ್ಲಿಯೇ. ಹಳೆಯ ಗೋಣಿಚೀಲ ಅಥವಾ ಹುಲ್ಲು ಹಾಸಿ ತೋಯಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ನೀರು ಬಹಳ ಉಳಿಯುತ್ತದೆ. ಸಂಜೆ ಹೊತ್ತು ನೀರು ಹಾಕಿದರೆ ಬೇಗ ಆರುವುದಿಲ್ಲ. ಉಪ್ಪು ನೀರು ಮಾತ್ರ ಬೇಡ. ಅದು ಒಳಗಿನ ಸಳಿಗೆ ತುಕ್ಕು ಹಿಡಿಸುತ್ತದೆ. ಸೆಂಟ್ರಿಂಗಿನವರು ಅವಸರ ಮಾಡುತ್ತಾರೆಂದು ಕೆಳಗಿನ ಆಧಾರದ ಕಂಬಗಳನ್ನು ಬೇಗ ಬಿಚ್ಚಲು ಬಿಡಬೇಡಿ. ನಾಲ್ಕೂವರೆ ಮೀಟರಿಗಿಂತ ಅಗಲದ ಸ್ಲ್ಯಾಬಿಗೆ ಎರಡು ವಾರವಾದರೂ ಅವು ನಿಂತಿರಬೇಕು.

ಪಾಯಾದ ಬಗ್ಗೆಯೂ ಒಂದು ಮಾತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆಯೇ ಗೋಡೆ ಎಬ್ಬಿಸಿದರೆ ಮೂಲೆಯಿಂದ ಬಿರುಕು ಖಂಡಿತ. ಕೆಳಗಿನ ಗರಸು ಅಥವಾ ಬಂಡೆ ಸಿಗುವವರೆಗೆ ತೋಡುವುದೇ ಸರಿಯಾದ ದಾರಿ. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲದೊಳಗೆ ಹೋದ ಹಣ ಯಾರ ಕಣ್ಣಿಗೂ ಕಾಣುವುದಿಲ್ಲ, ಯಾರೂ ಹೊಗಳುವುದಿಲ್ಲ. ಆದರೂ ಮೊದಲ ಖರ್ಚು ಅದೇ ಆಗಬೇಕು.

ಬೀಗ ಬಿದ್ದ ಅರ್ಧ ಗೋಡೆ

ಮಳೆಗಾಲ ಕಳೆದು ಬಾವಿಯಲ್ಲಿ ಇನ್ನೂ ನೀರಿರುವ, ಬಿಸಿಲು ಹದವಾಗಿರುವ ತಿಂಗಳುಗಳೇ ಕಟ್ಟಡಕ್ಕೆ ಒಳ್ಳೆಯ ಕಾಲ. ಆದರೆ ಜತ್ತದ ಅನೇಕ ಬಡ ಕುಟುಂಬಗಳು ಅದೇ ಕಾಲಕ್ಕೆ ಕಬ್ಬು ಕಡಿಯಲು ಹೊರಡುತ್ತವೆ. ಉಚಲ ಎಂಬ ಮುಂಗಡವನ್ನು ಪಡೆದ ಮೇಲೆ ಗಂಡ ಹೆಂಡತಿ ಇಬ್ಬರೂ ಹೋಗಲೇಬೇಕು. ದೀಪಾವಳಿಯ ಸುಮಾರಿಗೆ ಹೋದವರು ತಿರುಗಿ ಬರುವುದು ಬೇಸಿಗೆಯ ಹೊತ್ತಿಗೆ. ಆಗ ಕೈಯಲ್ಲಿ ಸಮಯವಿದೆ, ಬಾವಿಯಲ್ಲಿ ನೀರಿಲ್ಲ. ಮಂಜೂರಾದ ಮನೆಯನ್ನು ಹನ್ನೆರಡು ತಿಂಗಳಲ್ಲಿ ಮುಗಿಸಬೇಕೆಂಬ ನಿಯಮ ಒಂದು ಕಡೆ, ಲಿಂಟಲ್ ಮಟ್ಟಕ್ಕೆ ನಿಂತ ಗೋಡೆ ಇನ್ನೊಂದು ಕಡೆ. ಅಂಥ ಮನೆಯನ್ನು ಕಂಡು “ಕುಡಿದು ಹಾಳು ಮಾಡಿರಬೇಕು” ಎಂದು ಹಗುರವಾಗಿ ಮಾತಾಡುವ ಮುಂಚೆ ನಾವು ಸ್ವಲ್ಪ ಯೋಚಿಸಬೇಕು. ನಿಂತ ಗೋಡೆಗೆ ಕಾರಣಗಳು ಹಲವು.

ಊರಲ್ಲಿ ಉಳಿದವರು ಇಲ್ಲಿ ದೊಡ್ಡ ಉಪಕಾರ ಮಾಡಬಹುದು. ನೆರೆಮನೆಯವರು ಕಬ್ಬಿಗೆ ಹೋಗುವ ಮುಂಚೆ ಗೋಡೆ ಕಟ್ಟಿದ್ದರೆ ಅದಕ್ಕೆ ವಾರವೊಪ್ಪತ್ತು ನೀರು ಹಾಕುವುದು, ತೆರೆದ ಸಿಮೆಂಟು ಚೀಲವನ್ನು ಒಳಗೆ ಇಡುವುದು, ಫೋಟೋ ತೆಗೆಯಲು ಬರುವ ದಿನ ಫೋನು ಮಾಡಿ ತಿಳಿಸುವುದು. ಇದಕ್ಕೆ ದುಡ್ಡು ಬೇಡ, ಮನಸ್ಸು ಬೇಕು.

ಮುಚ್ಚಿಡಬೇಡಿ

ಮನೆ ಆಶೀರ್ವದಿಸಲು ಹೋಗುವ ಗುರುಗಳಾದ ನಮಗೆ ಗೋಡೆಗಳ ಜೊತೆಗೆ ಮುಖಗಳೂ ಕಾಣುತ್ತವೆ. ಬಣ್ಣ ಹೊಳೆಯುತ್ತಿರುತ್ತದೆ, ಮನೆಯೊಡತಿಯ ಕಣ್ಣು ಬಾಡಿರುತ್ತದೆ. ಎಷ್ಟು ಸಾಲವಾಗಿದೆ ಎಂಬುದು ಯಜಮಾನರಿಗೆ ಮಾತ್ರ ಗೊತ್ತಿರುತ್ತದೆ. ಕೆಲವೊಮ್ಮೆ ಅವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಇದಕ್ಕೆ ಮದ್ದು ಬಹಳ ಸುಲಭ. ಒಂದು ನೋಟುಬುಕ್ಕು ಇಡಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು, ಕೆಳಗೆ ಕೊಡಬೇಕಾದ್ದು. ವಾರಕ್ಕೊಮ್ಮೆ ಗಂಡ ಹೆಂಡತಿ ಕೂತು ಓದಿ. ಶಾಲೆಗೆ ಹೋಗುವ ಮಗಳಿಂದಲೇ ಬರೆಸಿ. ಅವಳ ಗಣಿತವೂ ಸುಧಾರಿಸುತ್ತದೆ, ಮನೆಯ ಕಷ್ಟವೂ ತಿಳಿಯುತ್ತದೆ.

ಹೆಸರಿನ ವಿಷಯದಲ್ಲಿಯೂ ಮುಚ್ಚುಮರೆ ಬೇಡ. ಘರಕುಲದ ನಿಯಮದಂತೆ ವಿಧುರರು, ಅವಿವಾಹಿತರು, ಬೇರೆಯಾದವರನ್ನು ಬಿಟ್ಟರೆ ಮನೆ ಹೆಂಡತಿಯ ಹೆಸರಿಗೆ ಅಥವಾ ಇಬ್ಬರ ಹೆಸರಿಗೂ ಮಂಜೂರಾಗಬೇಕು. ಸ್ವಂತ ಹಣದಿಂದ ಕಟ್ಟುವವರೂ ಇದನ್ನೇ ಮಾಡಿದರೆ ಎಷ್ಟು ಚೆಂದ! ಗ್ರಾಮ ಪಂಚಾಯತಿಯ ನಮುನಾ 8ರಲ್ಲಿ ಹೆಸರು, ಅಳತೆ, ಗಡಿ ಸರಿಯಾಗಿ ಬಂದಿದೆಯೇ ನೋಡಿ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಊರ ಜಾಗಗಳ ಅಳತೆ ನಡೆದಿದೆ. ಆ ಪ್ರಾಪರ್ಟಿ ಕಾರ್ಡನ್ನೂ ಪಡೆಯಿರಿ. ಕಾಗದ ಮರಾಠಿಯಲ್ಲಿದ್ದು ನಿಮಗೆ ಕನ್ನಡವಷ್ಟೇ ಬರುವುದಾದರೆ, ಎರಡೂ ಬಲ್ಲವರಿಂದ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ನಾಚಿಕೆಯಿಂದ ಹಾಕಿದ ಒಂದು ಹೆಬ್ಬೆಟ್ಟು ಮುಂದೆ ಅಣ್ಣ ತಮ್ಮಂದಿರನ್ನು ಕೋರ್ಟಿಗೆ ಎಳೆಯಬಹುದು.

ಎಂದಿಗೆ ಒಳಗೆ ಬರಬೇಕು?

“ಫಾದರ್, ಗಿಲಾವು ಆಗಿಲ್ಲ, ಬಣ್ಣ ಹಚ್ಚಿಲ್ಲ, ಈಗ ಹೇಗೆ ಕರೆಯೋದು?” ಎಂದು ಕೇಳುವವರಿದ್ದಾರೆ. ಮೇಲ್ಛಾವಣಿ, ಗಟ್ಟಿ ಬಾಗಿಲು, ಒಲೆ, ಶೌಚಾಲಯ ಈ ನಾಲ್ಕು ಆದರೆ ಮನೆ ಆಯಿತು. ಉಳಿದದ್ದು ಸುಗ್ಗಿಯಿಂದ ಸುಗ್ಗಿಗೆ ಆಗಲಿ. ಪವಿತ್ರ ಜಲ ಗಿಲಾವಿಲ್ಲದ ಗೋಡೆಯ ಮೇಲೂ ಬೀಳುತ್ತದೆ. ಐನೂರು ಜನರ ಊಟಕ್ಕಾಗಿ ಮತ್ತೆ ಸಾಲ ಮಾಡಬೇಡಿ. ಕಟ್ಟಿದ ಗೌಂಡಿಗೆ, ನೀರು ಹೊತ್ತವರಿಗೆ, ನೆರೆಯವರಿಗೆ ಒಂದು ತುತ್ತು ಹುಗ್ಗಿ ಬಡಿಸಿದರೆ ಅದೇ ಹಬ್ಬ.

ಈ ತಿಂಗಳು ಮನೆಯಲ್ಲಿ ಎಲ್ಲರೂ ಕೂತು ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಿ:

1. ನಮ್ಮ ಮನೆಯ ಒಟ್ಟು ಸಾಲ ಎಷ್ಟು? ಅದು ಮನೆಯ ಹಿರಿಯರೆಲ್ಲರಿಗೂ ಗೊತ್ತಿದೆಯೇ?
2. ಮನೆಯ ಕಾಗದದಲ್ಲಿ ಯಾರ ಹೆಸರಿದೆ? ಆ ಕಾಗದ ಎಲ್ಲಿದೆ?
3. ನಮ್ಮ ಓಣಿಯಲ್ಲಿ ಯಾರ ಮನೆ ಅರ್ಧಕ್ಕೆ ನಿಂತಿದೆ? ನಮ್ಮ ಕೈಲಾದದ್ದು ಏನು?

ಮುಂದೆ ಯಾರನ್ನಾದರೂ “ಮನೆ ಎಲ್ಲಿಗೆ ಬಂತು?” ಎಂದು ಕೇಳುವಾಗ ಅಲ್ಲಿಗೇ ಬಿಡದೆ “ನಾಳೆ ನೀರು ಹೊಡೆಯೋಕೆ ಯಾರಿದ್ದಾರೆ?” ಎಂದೂ ಕೇಳೋಣ. ಕಟ್ಟುತ್ತಿರುವ ಎಲ್ಲ ಕುಟುಂಬಗಳ ಕೆಲಸ ಸುಸೂತ್ರವಾಗಿ ಸಾಗಲಿ, ಮೇಲೆ ನಿಂತು ದುಡಿಯುವವರ ಕೈಕಾಲಿಗೆ ಪೆಟ್ಟಾಗದಿರಲಿ, ಆ ಮನೆಗಳಲ್ಲಿ ನೆಮ್ಮದಿ ನೆಲೆಸಲಿ ಎಂದು ಹಾರೈಸುತ್ತೇವೆ.