ನಗರ ಚಯಾಪಚಯ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆ

ನಗರ ಚಯಾಪಚಯ ಎಂಬುದು ಒಂದು ನಗರವು ಹೊರಗಿನಿಂದ ಪಡೆಯುವ ನೀರು, ಆಹಾರ, ಇಂಧನಗಳನ್ನೂ ಅದು ಹೊರಹಾಕುವ ಕೊಳಚೆ, ಕಸ, ಹೊಗೆಗಳನ್ನೂ ಜಮಾ–ಖರ್ಚಿನಂತೆ ಲೆಕ್ಕವಿಡುವ ಅಧ್ಯಯನ ಕ್ರಮ. ಬೆಂಗಳೂರಿನ ಉತ್ತರಕ್ಕಿರುವ ಚಿಕ್ಕಬಳ್ಳಾಪುರ ಜಿಲ್ಲೆಯು ಆ ಮಹಾನಗರದ ಲೆಕ್ಕದಲ್ಲಿ ಎರಡೂ ಕಡೆ ಬರುತ್ತದೆ. ರೇಷ್ಮೆ, ತರಕಾರಿ, ಹಾಲುಗಳನ್ನು ನಗರಕ್ಕೆ ಕಳುಹಿಸುವ ಈ ಜಿಲ್ಲೆಯೇ ನಗರದ ಬಳಸಿದ ನೀರನ್ನು ತನ್ನ ಕೆರೆಗಳಲ್ಲಿ ತುಂಬಿಸಿಕೊಳ್ಳುತ್ತಿದೆ.

ಪರಿಕಲ್ಪನೆ

ಅಮೆರಿಕದ ಎಂಜಿನಿಯರ್ ಏಬೆಲ್ ವೋಲ್ಮನ್ 1965ರಲ್ಲಿ ಹತ್ತು ಲಕ್ಷ ಜನರ ಒಂದು ಕಲ್ಪಿತ ನಗರದ ಲೆಕ್ಕವನ್ನು ಪ್ರಕಟಿಸಿದರು. ಆ ನಗರಕ್ಕೆ ದಿನವೊಂದಕ್ಕೆ 6,25,000 ಟನ್ ನೀರು ಬರುತ್ತದೆ, 5,00,000 ಟನ್ ಕೊಳಚೆಯಾಗಿ ಹೊರಹೋಗುತ್ತದೆ. ನಗರಕ್ಕೆ ಬರುವ ವಸ್ತುಗಳಲ್ಲೆಲ್ಲ ನೀರಿನ ತೂಕವೇ ಹೆಚ್ಚು, ಮತ್ತು ಅದರ ಬಹುಪಾಲು ರೂಪ ಬದಲಿಸಿಕೊಂಡು ಹೊರಬರುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. 1990ರ ದಶಕದಲ್ಲಿ ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವ್ಯಾಕರ್ನಾಗೆಲ್ ರೂಪಿಸಿದ 'ಪರಿಸರ ಹೆಜ್ಜೆಗುರುತು' ಇದಕ್ಕೆ ಸಮೀಪದ ಅಳತೆ. ನಗರವನ್ನು ಪೋಷಿಸಲು ಅದರ ಗಡಿಯ ಹೊರಗೆ ಎಷ್ಟು ಭೂಮಿ ಬೇಕು ಎಂಬುದನ್ನು ಅದು ಹೇಳುತ್ತದೆ.

ನೀರಿನ ದಾರಿ

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಪಂಪು, ಕೊಳವೆಗಳಲ್ಲಿ ಆಗುವ ನಷ್ಟವನ್ನು ಬಿಟ್ಟರೂ, ಒಂದು ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಹೀಗೆ ಬಂದ ನೀರು ಮನೆಗಳಲ್ಲಿ ಬಳಕೆಯಾಗಿ, ಕೊಳವೆಬಾವಿಗಳ ನೀರಿನೊಂದಿಗೆ ಕೂಡಿ ಕೊಳಚೆಯಾಗುತ್ತದೆ. ಹೆಬ್ಬಾಳ–ನಾಗವಾರ ಕಣಿವೆಯ ಇಂಥ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೆರೆಗಳಿಗೆ ಹರಿಸುವುದೇ ಎಚ್.ಎನ್. ವ್ಯಾಲಿ ಯೋಜನೆ. ಇದರ ಉದ್ದೇಶಿತ ಪ್ರಮಾಣ ದಿನಕ್ಕೆ 21 ಕೋಟಿ ಲೀಟರ್. ಚಿಕ್ಕಬಳ್ಳಾಪುರ ನಗರದ ಅಂಚಿನ ಕಂದವಾರ ಕೆರೆ ಈ ನೀರು ತಲುಪಿದ ಕೆರೆಗಳಲ್ಲೊಂದು. ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳು ಕೋಲಾರ ಜಿಲ್ಲೆಗಾಗಿ ರೂಪಿಸಿದ ಕೆ.ಸಿ. ವ್ಯಾಲಿ ಯೋಜನೆಗೆ ಸೇರಿವೆ.

ದಿನಕ್ಕೆ 21 ಕೋಟಿ ಲೀಟರ್ ಪೂರ್ತಿಯಾಗಿ ಬಂದರೆ ವರ್ಷಕ್ಕೆ ಸುಮಾರು 2.7 ಟಿಎಂಸಿ ಅಡಿ ಆಗುತ್ತದೆ. ಶಾಶ್ವತವಾದ ನದಿಯಿಲ್ಲದ, ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿರುವ ತಾಲ್ಲೂಕುಗಳಿಗೆ ಇದು ಸಣ್ಣ ಪ್ರಮಾಣವಲ್ಲ. ಶಾಶ್ವತ ನೀರಾವರಿಗಾಗಿ ಇಲ್ಲಿನ ಜನ ದಶಕಗಳಿಂದ ಹೋರಾಡಿದ್ದಾರೆ. 24.01 ಟಿಎಂಸಿ ಅಡಿಯ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಮೊದಲ ಹಂತ ಸಕಲೇಶಪುರದ ಬಳಿ ಉದ್ಘಾಟನೆಗೊಂಡದ್ದು 2024ರ ಸೆಪ್ಟೆಂಬರ್‌ನಲ್ಲಿ. ಕೇಳಿದ ನದಿನೀರಿಗಿಂತ ಮೊದಲು ಕೇಳದ ಕೊಳಚೆನೀರು ಬಂತು ಎಂಬ ರೈತರ ಮಾತು ಕಟುವಾದರೂ ಕಾಲಾನುಕ್ರಮದಲ್ಲಿ ತಪ್ಪಲ್ಲ.

ಅಳತೆಯ ಪ್ರಶ್ನೆ

ಬೆಂಗಳೂರಿನ ಲೆಕ್ಕದಲ್ಲಿ ಈ ನೀರು 'ಮರುಬಳಕೆ' ಎಂಬ ಜಮಾ. ಸ್ವೀಕರಿಸುವ ತಾಲ್ಲೂಕುಗಳ ಲೆಕ್ಕದಲ್ಲಿ ಅದರ ಜೊತೆಗೆ ಇನ್ನೊಂದು ಬಾಬ್ತು ಸೇರಬೇಕು. ಎರಡನೇ ಹಂತದ ಶುದ್ಧೀಕರಣವು ಕೊಳೆಯುವ ಜೈವಿಕ ಪದಾರ್ಥವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಸಾರಜನಕ, ರಂಜಕಗಳನ್ನು ಪೂರ್ತಿಯಾಗಿ ತೆಗೆಯುವುದಿಲ್ಲ. ಒಂದು ಉದಾಹರಣೆಯಾಗಿ, ಲೀಟರಿಗೆ 10 ಮಿಲಿಗ್ರಾಂ ಸಾರಜನಕ ಉಳಿದಿದೆ ಎಂದುಕೊಂಡರೆ, 21 ಕೋಟಿ ಲೀಟರ್ ನೀರಿನೊಡನೆ ದಿನಕ್ಕೆ 2,100 ಕಿಲೋಗ್ರಾಂ ಸಾರಜನಕ ಕೆರೆಗಳನ್ನು ಸೇರುತ್ತದೆ. ಹೊಲಕ್ಕೆ ಹೋದರೆ ಅದು ಗೊಬ್ಬರ. ನಿಂತ ನೀರಿನಲ್ಲಿ ಪಾಚಿ ಮತ್ತು ಜೊಂಡಿಗೆ ಆಹಾರ. ಕೆಳಕ್ಕೆ ಇಂಗಿದರೆ ಕುಡಿಯುವ ನೀರಿನಲ್ಲಿ ನೈಟ್ರೇಟ್. 2018ರ ಜುಲೈಯಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದ ಬಳಿಕ ಕೆ.ಸಿ. ವ್ಯಾಲಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣದ ಬೇಡಿಕೆ ಎರಡೂ ಜಿಲ್ಲೆಗಳಲ್ಲಿ ಇಂದಿಗೂ ಇದೆ.

ಯೋಜನೆಯ ಯಶಸ್ಸನ್ನು ತುಂಬಿದ ಕೆರೆಗಳ ಸಂಖ್ಯೆ ಮತ್ತು ಏರಿದ ಅಂತರ್ಜಲ ಮಟ್ಟದಿಂದ ತೋರಿಸುವುದು ರೂಢಿ. ಬತ್ತಿದ ಕೊಳವೆಬಾವಿಯಲ್ಲಿ ಮತ್ತೆ ನೀರು ಕಂಡ ರೈತನಿಗೆ ಅದು ನಿಜವಾದ ಲಾಭವೇ. ಆದರೆ ಆಳದ ನೀರಿನಲ್ಲಿ ಫ್ಲೋರೈಡ್ ಮೊದಲೇ ಇರುವ ಈ ನಾಡಿನಲ್ಲಿ ಮಟ್ಟದಷ್ಟೇ ಗುಣವನ್ನೂ ಅಳೆದು, ಊರೂರಿನ ಫಲಿತಾಂಶವನ್ನು ಪ್ರಕಟಿಸದೆ ಲೆಕ್ಕ ಮುಗಿಯದು.

ಹೊರಹೋಗುವ ನೀರು

ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು, ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಇವುಗಳಲ್ಲಿ ಕಾಣದ ನೀರು ಅಡಗಿದೆ. ಹಿಪ್ಪುನೇರಳೆ ಸೊಪ್ಪಿಗೆ ಕೊಳವೆಬಾವಿಯ ನೀರು, ಗೂಡು ಬೇಯಿಸಿ ನೂಲು ತೆಗೆಯಲು ಮತ್ತಷ್ಟು ನೀರು. ಸರಕು ಸಾಗುವ ಲಾರಿಯ ರಸೀದಿಯಲ್ಲಿ ಈ ನೀರಿನ ನಮೂದು ಇರುವುದಿಲ್ಲ. ಆಳದಿಂದ ಎತ್ತಿದ ಈ ನೀರನ್ನೂ ಕೆರೆಗೆ ಬಂದ ನೀರಿನೊಡನೆ ಒಂದೇ ಪುಟದಲ್ಲಿ ಬರೆದರೆ ಮಾತ್ರ ನಗರ ಮತ್ತು ಜಿಲ್ಲೆಗಳಲ್ಲಿ ಯಾರು ಯಾರಿಗೆ ಎಷ್ಟು ಕೊಡುತ್ತಿದ್ದಾರೆ ಎಂಬುದು ತಿಳಿಯುತ್ತದೆ.

ಜಿಲ್ಲೆಯ ಪಟ್ಟಣಗಳು

ಇದೇ ಅಳತೆಗೋಲು ಜಿಲ್ಲೆಯ ಪಟ್ಟಣಗಳಿಗೂ ಅನ್ವಯಿಸುತ್ತದೆ. ಚಿಕ್ಕಬಳ್ಳಾಪುರ ನಗರವು ಕುಡಿಯುವ ನೀರಿಗೆ ಅವಲಂಬಿಸಿರುವ ಜಕ್ಕಲಮಡಗು ಜಲಾಶಯದಲ್ಲಿ ದೊಡ್ಡಬಳ್ಳಾಪುರಕ್ಕೂ ಪಾಲಿದೆ. ಉತ್ತರ ಪಿನಾಕಿನಿಯ ದಡದ ಗೌರಿಬಿದನೂರಿನಲ್ಲಿ ಪಟ್ಟಣದ ಬಚ್ಚಲು ನೀರು ಇಳಿಜಾರು ಹಿಡಿದರೆ ಸೇರುವುದು, ವರ್ಷದ ಬಹುಕಾಲ ಒಣಗಿಯೇ ಇರುವ ಅದೇ ನದಿಯ ಪಾತ್ರವನ್ನು.