ಕಡಲ ಲೆಕ್ಕ, ಭಾಗ 4: ಗಾಳಕ್ಕೆ ರಜೆ ಇಲ್ವಾ?

"ಟ್ರಾಲ್ ಬೋಟಿನವ್ರು ಸಮುದ್ರ ಖಾಲಿ ಮಾಡಿದ್ರು" ಅಂತ ಸ್ಟೋರಿ ಹಾಕ್ತೀರಲ್ಲ, ಸರಿ. ಆದ್ರೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಅವರ ಬೋಟು ದಡದಲ್ಲೇ ಇರ್ಬೇಕು. ಬೂತಾಯಿಯಂಥ ಎಷ್ಟೋ ಮೀನು ಮೊಟ್ಟೆ ಇಡೋ ಕಾಲ ಅದು. ಅದೇ ಮಳೆಗಾಲದಲ್ಲಿ ಅಳಿವೆ ಬಾಗಿಲಲ್ಲಿ ಗಾಳ ಹಿಡ್ಕೊಂಡು ರೀಲ್ಸ್ ಮಾಡೋರು ಯಾರು? ನೀವೇ!

"ಒಂದು ಗಾಳದಿಂದ ಏನಾಗುತ್ತೆ ಮಾರಾಯ?" ಅಂತೀರಿ. ಬಲೆಯಷ್ಟು ಆಗಲ್ಲ, ಒಪ್ಪಿದೆ. ಆದ್ರೆ ಅವರಿಗೆ ಅದು ಹೊಟ್ಟೆಪಾಡು, ನಿಮಗೆ ಶೋಕಿ.

ಬಿಕಾಂ ಓದೋರಿಗೆ ಬೇರೆ ಹೇಳ್ಬೇಕಾ? ಬಡ್ಡಿ ತಿನ್ನಬಹುದು, ಅಸಲು ಮುಟ್ಟಬಾರದು. ಮರಿ ಮೀನು, ಮೊಟ್ಟೆ ತುಂಬಿದ ದೊಡ್ಡ ಮೀನು, ಎರಡೂ ಅಸಲು. ಸಿಕ್ಕಿದ್ರೆ ಕೈ ಒದ್ದೆ ಮಾಡ್ಕೊಂಡು ಗಾಳ ಬಿಡಿಸಿ, ಕೂಡಲೇ ನೀರಿಗೆ ಬಿಡಿ. ಬರೀ ಫೋಟೋಗೆ ಅಂತ ಸಾಯಿಸ್ಬೇಡಿ.

ಭಾಗ 5: ಎಲ್‌ಇಡಿ ಲೈಟ್ ಮೀನುಗಾರಿಕೆ.