ಹಾರ ಬೇಡ, ಲೆಕ್ಕ ಕೊಡಿ

ಒಂದು ಕಟ್ಟು ಕೊತ್ತಂಬರಿಗೆ ಎರಡು ರೂಪಾಯಿ ಹೆಚ್ಚು ಹೇಳಿದರೆ ಮುಂದಿನ ಅಂಗಡಿಗೆ ನಡೆಯುವ ಜನ ನಾವು. ಮಾಟುಂಗಾದಲ್ಲಿ ರೇಶ್ಮೆ ಸೀರೆ ಕೊಳ್ಳುವಾಗ ಸೆರಗನ್ನು ಬೆಳಕಿಗೆ ಹಿಡಿದು ನೋಡದೆ ನಮ್ಮ ಹೆಂಗಸರು ದುಡ್ಡು ಬಿಚ್ಚುವುದಿಲ್ಲ. ಹೋಟೆಲು ನಡೆಸುವ ನಮ್ಮವರು ದಿನದ ಹಾಲಿನ ಲೆಕ್ಕ, ತೆಂಗಿನಕಾಯಿಯ ಲೆಕ್ಕ, ಒಡೆದ ಗ್ಲಾಸಿನ ಲೆಕ್ಕವನ್ನು ಕೂಡ ಬರೆದಿಡುವವರು. ಆದರೆ ಇದೇ ಜನ 75 ಲಕ್ಷ ರೂಪಾಯಿಯ ಕಾರನ್ನು ಕೊಳ್ಳಲು ಗಾಜಿನ ಬಾಗಿಲು ದಾಟಿ ತಂಪಾದ ಶೋರೂಮಿಗೆ ಕಾಲಿಟ್ಟ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಇದೇಕೆ ಹೀಗೆ?

ಲೋಕಲ್ ರೈಲಿನಲ್ಲಿ ನೇತಾಡುವವರೇ ಹೆಚ್ಚಾಗಿರುವ ನಮ್ಮ ಸಂಘದ ಪತ್ರಿಕೆಗೆ ಐಷಾರಾಮಿ ಕಾರಿನ ಉಸಾಬರಿ ಏಕೆಂದು ಕೆಲವರು ಮೂಗು ಮುರಿಯಬಹುದು. ಅವರಿಗೆ ನಮ್ಮ ಉತ್ತರ ಇಷ್ಟೆ: ಈ ನಗರಕ್ಕೆ ಹುಡುಗನಾಗಿ ಬಂದು, ಹಗಲು ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರ ಮಕ್ಕಳು ಮೊಮ್ಮಕ್ಕಳು ಇಂದು ಅಂಥ ಕಾರಿನ ಬೆಲೆ ವಿಚಾರಿಸುವ ಸ್ಥಿತಿಗೆ ಬಂದಿದ್ದಾರೆ. ಅದು ಸಂತೋಷದ ಮಾತು; ನಾವು ಯಾರ ಸುಖವನ್ನೂ ಹೀಯಾಳಿಸಲು ಹೊರಟಿಲ್ಲ. ಆದರೆ ಆ ಹಣ ಎರಡು ತಲೆಮಾರಿನ ಬೆವರು. ಅದರಲ್ಲಿ ಒಂದು ಪಾಲು ಸಂಕೋಚದ ಕಂದಾಯವಾಗಿ ಸೋರಿಹೋಗುವುದನ್ನು ನೋಡುತ್ತ ಸುಮ್ಮನಿರುವುದು ನಮ್ಮಿಂದಾಗದು.

ಈ ಸಂಕೋಚಕ್ಕೆ ಒಂದು ಚರಿತ್ರೆಯಿದೆ. ಲೈಸೆನ್ಸು ಪರ್ಮಿಟ್ಟುಗಳ ಕಾಲದಲ್ಲಿ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ಟಿಗೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕಾರು ಕೊಡುವವನು ದೊರೆ, ಪಡೆಯುವವನು ಅರ್ಜಿದಾರ. ಬಣ್ಣ ಯಾವುದು ಎಂದು ಕೇಳುವ ಧೈರ್ಯವೂ ಇರಲಿಲ್ಲ; ಸಿಕ್ಕಿದ್ದೇ ಪುಣ್ಯ. ಆ ಕಾಲ ಹೋಯಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಇ-ಕ್ಲಾಸ್ ತಯಾರಾಗತೊಡಗಿತು, 2007ರಲ್ಲಿ ಬಿ.ಎಂ.ಡಬ್ಲ್ಯು. ಚೆನ್ನೈ ಬಳಿ ಕಾರ್ಖಾನೆ ತೆರೆಯಿತು. ಇಂದು ಕಾಯುವವನು ಮಾರುವವನೇ ಹೊರತು ಕೊಳ್ಳುವವನಲ್ಲ. ಆದರೂ ಕೈಕಟ್ಟಿ ನಿಲ್ಲುವ ಅಭ್ಯಾಸ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಹಿಂದೆ ದರ್ಪದಿಂದ ನಡೆಯುತ್ತಿದ್ದುದು ಈಗ ಸತ್ಕಾರದಿಂದ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಒಳಗೆ ಹೋದೊಡನೆ ಕಾಫಿ ಬರುತ್ತದೆ, ಬಿಸ್ಕತ್ತು ಬರುತ್ತದೆ. ಸೋಫಾದಲ್ಲಿ ಕೂರಿಸಿ ತೆರೆಯ ಮೇಲೆ ಚಿತ್ರ ತೋರಿಸುತ್ತಾರೆ. ಈ ಮರ್ಯಾದೆಯೂ ಎಲ್ಲರಿಗಲ್ಲ. ಮಗ ಸೂಟು ತೊಟ್ಟು ಇಂಗ್ಲಿಷಿನಲ್ಲಿ ಮಾತಾಡಿದರೆ ಅವನ ಸುತ್ತ ಮೂವರು. ಚೆಕ್ಕಿಗೆ ಸಹಿ ಹಾಕಬೇಕಾದ ತಂದೆ ಪಂಚೆಯುಟ್ಟು ಬಂದಿದ್ದರೆ ಅವರಿಗೆ ಕುರ್ಚಿ ತೋರಿಸುವವರೂ ಇಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ, ಅರ್ಥವಾಗದ ಮಾತಿಗೂ ನಾವು ತಲೆಯಾಡಿಸುವುದು. ಕೇಳಿದರೆ ಎಲ್ಲಿ ಹಳ್ಳಿಗಮಾರರೆಂದು ತಿಳಿದಾರೋ ಎಂಬ ಅಂಜಿಕೆ! ಆ ಅಂಜಿಕೆಯೇ ಅವರ ಬಂಡವಾಳ.

ಮೊದಲು ಕಾರಿನ ಮಾತು. ಹೋಲಿಸಿ ನೋಡದೆ ಕೊಳ್ಳುವುದು ಕೊಳ್ಳುವುದೇ ಅಲ್ಲ. ಎರಡು ಉದಾಹರಣೆ ತೆಗೆದುಕೊಳ್ಳೋಣ. 2024ರ ಜುಲೈಯಲ್ಲಿ ಬಿ.ಎಂ.ಡಬ್ಲ್ಯು.ವಿನ ಉದ್ದನೆಯ 5 ಸೀರೀಸ್ ಬಂದಿತು. ಅಂದಿನ ಶೋರೂಮ್ ಬೆಲೆ 72.9 ಲಕ್ಷ. ಅದೇ ವರ್ಷ ಅಕ್ಟೋಬರಿನಲ್ಲಿ ಮರ್ಸಿಡಿಸ್‌ನ ಹೊಸ ಇ-ಕ್ಲಾಸ್ ಬಂದಿತು. ಇ-200ರ ಬೆಲೆ 78.5 ಲಕ್ಷ. ಎರಡೂ ಹಿಂದೆ ಕೂರುವವರಿಗಾಗಿಯೇ ಉದ್ದ ಮಾಡಿದ ಕಾರುಗಳು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಒಂದರಲ್ಲಿ 3105 ಮಿಲಿಮೀಟರ್, ಇನ್ನೊಂದರಲ್ಲಿ 3094. ವ್ಯತ್ಯಾಸ ಕಿರುಬೆರಳಿನ ಅಗಲ. ಎರಡರಲ್ಲೂ ಎರಡು ಲೀಟರಿನ ಪೆಟ್ರೋಲ್ ಎಂಜಿನ್ನೇ; ಆದರೆ ಬಿ.ಎಂ.ಡಬ್ಲ್ಯು.ವಿನದು 258 ಅಶ್ವಶಕ್ತಿ, ಮರ್ಸಿಡಿಸ್‌ನದು 204. ಮರ್ಸಿಡಿಸ್‌ನಲ್ಲಿ ಹಿಂದಿನ ಸೀಟಿನ ಬೆನ್ನು ಗುಂಡಿ ಒತ್ತಿದರೆ 36 ಡಿಗ್ರಿಯವರೆಗೆ ಹಿಂದಕ್ಕೆ ಬಾಗುತ್ತದೆ.

ಇವುಗಳಲ್ಲಿ ಯಾವುದು ಮೇಲು? ಪ್ರಶ್ನೆಯನ್ನು ಹಾಗೆ ಕೇಳುವುದೇ ತಪ್ಪು. ಕಾರನ್ನು ನಡೆಸುವವರು ಯಾರು, ಹಿಂದೆ ಕೂರುವವರು ಯಾರು ಎಂದು ಮೊದಲು ಕೇಳಬೇಕು. ಸೊಂಟನೋವಿನ ತಾಯಿಯವರನ್ನು ಊರಿಗೆ ಕರೆದೊಯ್ಯುವ ಮನೆಗೆ ಬಾಗುವ ಸೀಟು ಮುಖ್ಯ. ತಾನೇ ಸ್ಟೀರಿಂಗ್ ಹಿಡಿಯುವ ಮಗನಿಗೆ ಎಂಜಿನ್ನಿನ ಶಕ್ತಿ ಮುಖ್ಯ. ಆದರೆ ಟೆಸ್ಟ್ ಡ್ರೈವಿನಲ್ಲಿ ಆಗುವುದೇನು? ಮಗನನ್ನು ಮುಂದೆ ಕೂರಿಸಿ, ನುಣುಪಾದ ರಸ್ತೆಯಲ್ಲಿ ಎರಡು ಕಿಲೋಮೀಟರು ಓಡಿಸಿ, "ಹೇಗಿದೆ ಸರ್?" ಎನ್ನುತ್ತಾರೆ. ತಾಯಿಯನ್ನು ಕೂರಿಸಿ, ನಮ್ಮದೇ ಬೀದಿಯ ಉಬ್ಬುಗಳ ಮೇಲೆ, ನಾಲ್ಕು ಜನರ ಭಾರ ಹೇರಿ ಓಡಿಸಿ ನೋಡಬೇಡವೇ? ಚಕ್ರಗಳ ನಡುವೆ ಅಂತರ ಹೆಚ್ಚಿದಷ್ಟೂ ಉಬ್ಬಿಗೆ ಹೊಟ್ಟೆ ತಾಗುವ ಭಯ ಹೆಚ್ಚು. ಇನ್ನು ಉದ್ದ: ಇ-ಕ್ಲಾಸ್ 5092 ಮಿಲಿಮೀಟರ್, 5 ಸೀರೀಸ್ 5165. ನಮ್ಮ ಸೊಸೈಟಿಗಳಲ್ಲಿ ಒಂದರ ಮೇಲೊಂದು ಕಾರು ಎತ್ತಿಡುವ ಯಂತ್ರಗಳಿವೆಯಲ್ಲ, ಅವಕ್ಕೆ ಉದ್ದದ ಮಿತಿಯಿದೆ. ಅಳತೆ ಹಿಡಿಯದೆ ಕೊಂಡರೆ, ಸ್ವಂತ ಮನೆಯಿದ್ದೂ ಕಾರು ರಸ್ತೆಯ ಬದಿಯಲ್ಲಿ ಮಲಗಬೇಕಾದೀತು.

ಬಿಡದಿಯ ಸಂಗತಿಯನ್ನೂ ಹೇಳಬೇಕು. ನಮ್ಮದೇ ನಾಡಿನ ಆ ಕಾರ್ಖಾನೆಯಲ್ಲಿ 2020ರಿಂದ ಲೆಕ್ಸಸ್ ಇಎಸ್ 300ಎಚ್ ಜೋಡಣೆಯಾಗತೊಡಗಿತು. ಟೊಯೋಟಾ ಕ್ಯಾಮ್ರಿಯೂ ಅಲ್ಲಿಂದಲೇ ಬರುವಂಥದು. ಇವೆರಡಕ್ಕೂ ಒಂದೇ ಅಡಿಪಾಯ; ಒಂದೇ ವಂಶದ ಎರಡೂವರೆ ಲೀಟರಿನ ಹೈಬ್ರಿಡ್ ಎಂಜಿನ್. 2024ರ ಡಿಸೆಂಬರಿನಲ್ಲಿ ಬಂದ ಹೊಸ ಕ್ಯಾಮ್ರಿಯ ಶೋರೂಮ್ ಬೆಲೆ 48 ಲಕ್ಷ. ಲೆಕ್ಸಸ್‌ಗೆ ಅದಕ್ಕಿಂತ ಎಷ್ಟೋ ಲಕ್ಷ ಹೆಚ್ಚು ತೆರಬೇಕು. ಒಳಗಿನ ನಯ, ನಿಶ್ಶಬ್ದ, ಚರ್ಮದ ಹೊದಿಕೆ ಇವಕ್ಕೆ ಬೆಲೆಯಿದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟು ಭಾಗ ನಯಕ್ಕೆ, ಎಷ್ಟು ಭಾಗ ಬಾನೆಟ್ಟಿನ ಮೇಲಿನ ಲಾಂಛನಕ್ಕೆ ಎಂದು ಕೊಳ್ಳುವವನು ಎರಡರಲ್ಲೂ ಕೂತು ತೀರ್ಮಾನಿಸಬೇಕು. ಲೆಕ್ಸಸ್ ಶೋರೂಮಿನವರು "ಕ್ಯಾಮ್ರಿಯನ್ನೂ ನೋಡಿ ಬನ್ನಿ" ಎನ್ನಲಾರರು. ಅದು ನಮ್ಮ ಕೆಲಸ.

ಈಗ ಬಿಲ್ಲಿನ ಮಾತು. ಅಸಲು ಕಥೆ ಇರುವುದು ಇಲ್ಲಿ. ಆನ್‌ರೋಡ್ ಬೆಲೆ ಎಂದು ಒಂದೇ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದುಕೊಡುತ್ತಾರೆ. ನಾವು ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಆ ಸಂಖ್ಯೆಯೊಳಗೆ ಏನೇನಿದೆ? ಸರ್ಕಾರದ ಜಿ.ಎಸ್.ಟಿ. ಶೋರೂಮ್ ಬೆಲೆಯಲ್ಲೇ ಸೇರಿದೆ. ದೊಡ್ಡ ಸೆಡಾನುಗಳಿಗೆ ಸೆಸ್ ಸೇರಿ 48 ಶೇಕಡಾ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ಅದರ ಮೇಲೆ ರಾಜ್ಯದ ರಸ್ತೆ ತೆರಿಗೆ. ಮಹಾರಾಷ್ಟ್ರದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ವ್ಯಕ್ತಿಯ ಹೆಸರಿನಲ್ಲಾದರೆ 13 ಶೇಕಡಾ, ಕಂಪನಿಯ ಹೆಸರಿನಲ್ಲಾದರೆ 20. 75 ಲಕ್ಷದ ಕಾರಿಗೆ ಒಂದು 9.75 ಲಕ್ಷ, ಇನ್ನೊಂದು 15 ಲಕ್ಷ. ಹತ್ತು ಲಕ್ಷ ಮೀರಿದ ಕಾರಿಗೆ ಮೂಲದಲ್ಲೇ ವಸೂಲಿಯಾಗುವ 1 ಶೇಕಡಾ ಆದಾಯ ತೆರಿಗೆಯೂ ಇದೆ. 75 ಲಕ್ಷಕ್ಕೆ 75,000 ರೂಪಾಯಿ. ಇದು ಖರ್ಚಲ್ಲ, ನಮ್ಮ ಆದಾಯ ತೆರಿಗೆಯಲ್ಲಿ ವಜಾ ಆಗಬೇಕಾದ ಹಣ. ಇದನ್ನು ಬಾಯಿಬಿಟ್ಟು ಹೇಳುವ ಸೇಲ್ಸ್‌ಮನ್ನುಗಳು ಎಷ್ಟು ಜನ?

ಇಷ್ಟಕ್ಕೇ ಮುಗಿಯಲಿಲ್ಲ. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಆಕ್ಸೆಸರಿ ಪ್ಯಾಕೇಜ್ ಎಂದು ಕೆಳಗಿನ ಸಾಲುಗಳು ಸಾಲಾಗಿ ನಿಂತಿರುತ್ತವೆ. ಮಾರುವವನು ತನ್ನ ಸರಕನ್ನು ತನ್ನ ಗೋದಾಮಿನಿಂದ ತನ್ನ ಅಂಗಡಿಗೆ ತಂದುದಕ್ಕೆ ನಾವೇಕೆ ಕೂಲಿ ಕೊಡಬೇಕು? ಇಡ್ಲಿ ತಿಂದವನ ಬಿಲ್ಲಿನಲ್ಲಿ ಅಡುಗೆಮನೆಯಿಂದ ಮೇಜಿಗೆ ತಂದ ಕೂಲಿಯನ್ನು ನಮ್ಮ ಹೋಟೆಲಿನವರು ಎಂದಾದರೂ ಹಾಕಿದ್ದಾರೆಯೇ? ನಮ್ಮ ಬಳಗದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಒಂದು ಶೋರೂಮಿನಲ್ಲಿ, "ಈ ಸಾಲು ಯಾತಕ್ಕೆ, ಬರೆದುಕೊಡಿ, ರಸೀತಿಯನ್ನೂ ಕೊಡಿ" ಎಂದಷ್ಟೇ ಕೇಳಿದರು. ಕಾಗದ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಆ ಸಾಲೇ ಮಾಯವಾಗಿತ್ತು! ನ್ಯಾಯವಾದ ಹಣವಾಗಿದ್ದರೆ ಒಂದು ಪ್ರಶ್ನೆಗೆ ಕರಗುತ್ತಿತ್ತೇ?

ವಿಮೆಯದೂ ಇದೇ ಕಥೆ. "ನಮ್ಮಲ್ಲೇ ಮಾಡಿಸಬೇಕು, ಇಲ್ಲವಾದರೆ ಕ್ಲೇಮಿಗೆ ತೊಂದರೆ" ಎಂದು ಹೆದರಿಸುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ಮಾರ್ಗಸೂಚಿಯ ಪ್ರಕಾರ ಡೀಲರ್ ಹೀಗೆ ಬಲವಂತ ಮಾಡುವಂತಿಲ್ಲ. ಕಂಪನಿಯನ್ನು ಆರಿಸುವ ಹಕ್ಕು ಕೊಳ್ಳುವವನದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ. ಉಳಿದುದನ್ನು ನಾಲ್ಕು ಕಡೆ ವಿಚಾರಿಸಿ ಮಾಡಿಸಬಹುದು. ಆದರೆ ಅಗ್ಗವೆಂದು ಕಣ್ಣುಮುಚ್ಚಿ ಹೋಗಲೂಬಾರದು. ಸಾಮಾನ್ಯ ವಿಮೆಯಲ್ಲಿ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಹಣ ಮಾತ್ರ ಸಿಗುತ್ತದೆ. ಇಂಥ ಕಾರಿನ ಬಂಪರು ಒಡೆದರೆ ಉಳಿದರ್ಧವೇ ಭಾರೀ ಮೊತ್ತ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡ ಊರಿನವರು ನಾವು. ಎಂಜಿನ್ನಿಗೆ ನೀರು ಹೊಕ್ಕರೆ ಹಣ ಬರುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಬೇಕು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಪ್ರಶ್ನೆಯಿದೆ, ಅದನ್ನು ಯಾವ ಶೋರೂಮೂ ಕೇಳುವುದಿಲ್ಲ: "ಇನ್ನೆಷ್ಟು ವರ್ಷ ಈ ಊರಿನಲ್ಲಿರುತ್ತೀರಿ?" ನಿವೃತ್ತರಾಗಿ ಮೈಸೂರಿಗೋ ಉಡುಪಿಗೋ ಮರಳುವ ಯೋಚನೆಯಿದ್ದರೆ, ಕಾರು ಹನ್ನೆರಡು ತಿಂಗಳು ಮೀರಿ ಅಲ್ಲಿದ್ದ ಮೇಲೆ ಹೊಸ ನಂಬರು ಪಡೆಯಬೇಕು, ಅಲ್ಲಿನ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ 18 ಶೇಕಡಾ, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಹಳತಾದಂತೆ ಕಡಿಮೆಯಾದರೂ ಹೊರೆಯೇ. ಇಲ್ಲಿ ಕಟ್ಟಿದ್ದರಲ್ಲಿ ಉಳಿದ ಪಾಲನ್ನು ಮರಳಿ ಪಡೆಯಲು ಆರ್.ಟಿ.ಓ. ಕಚೇರಿಗೆ ಅಲೆಯಬೇಕು. ಸರ್ಕಾರಿ ನೌಕರರಿಗೆ, ಸಾರ್ವಜನಿಕ ಉದ್ದಿಮೆಯವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಕಂಪನಿಯವರಿಗೆ 2021ರಿಂದ ಬಿ.ಎಚ್. ಸರಣಿಯ ನಂಬರಿನ ಸೌಕರ್ಯವಿದೆ. ಎರಡೆರಡು ವರ್ಷದ ತೆರಿಗೆ ಕಟ್ಟುತ್ತ ಹೋಗಬಹುದು. ವರ್ಗಾವಣೆಯ ಬದುಕು ಬಾಳುವ ನಮ್ಮ ಬ್ಯಾಂಕಿನವರು ಇದನ್ನು ತಾವಾಗಿ ಕೇಳಬೇಕು.

"ಇಷ್ಟು ದುಡ್ಡು ಸುರಿಯುವವನಿಗೆ ಹತ್ತಿಪ್ಪತ್ತು ಸಾವಿರದ ಲೆಕ್ಕವೇ?" ಎಂದು ಕೆಲವರು ನಗುತ್ತಾರೆ. ಈ ನಗೆಯನ್ನು ನಮಗೆ ಕಲಿಸಿದವರೇ ಮಾರುವವರು. ದುಡ್ಡಿರುವುದಕ್ಕೂ ಲೆಕ್ಕ ಬಿಡುವುದಕ್ಕೂ ಏನು ಸಂಬಂಧ? ಲೆಕ್ಕ ಇಟ್ಟುದರಿಂದಲೇ ಅಲ್ಲವೇ ದುಡ್ಡಾದದ್ದು! ವಿಮೆಯ ಪಟ್ಟಿಯಲ್ಲೇ ನೋಡಿ: ಕಾರಿಗೆ ನಾಲ್ಕು ವರ್ಷ ದಾಟಿ ಐದನೆಯದು ನಡೆಯುವಾಗ ಅದರ ಬೆಲೆಯಲ್ಲಿ ಅರ್ಧ ಕಳೆಯುತ್ತಾರೆ. ಹೀಗೆ ಕರಗುವ ವಸ್ತುವಿನ ಮೇಲೆ ಕಾರಣವಿಲ್ಲದ ಹಣವನ್ನೂ ಸುರಿಯುವುದು ದೊಡ್ಡಸ್ತಿಕೆಯಲ್ಲ.

ಮಾರುವ ಹುಡುಗರೆಲ್ಲ ಕಳ್ಳರೆಂದು ನಾವು ಹೇಳುತ್ತಿಲ್ಲ. ತಿಂಗಳ ಗುರಿ ಮುಟ್ಟದಿದ್ದರೆ ಅವರ ಕೆಲಸಕ್ಕೇ ಸಂಚಕಾರ. 2021ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಕಂಪನಿ ಡೀಲರುಗಳನ್ನು ಮಧ್ಯವರ್ತಿಗಳನ್ನಾಗಿ ಮಾಡಿ, ತಾನೇ ನೇರವಾಗಿ ದೇಶಕ್ಕೆಲ್ಲ ಒಂದೇ ಬೆಲೆಗೆ ಮಾರುವ ಕ್ರಮ ತಂದಿತು. ಒಬ್ಬನಿಗೊಂದು ಬೆಲೆ, ಇನ್ನೊಬ್ಬನಿಗೊಂದು ಬೆಲೆ ಎಂಬ ಅನುಮಾನ ಅಷ್ಟರ ಮಟ್ಟಿಗೆ ತೀರಿತು, ಒಳ್ಳೆಯದೇ. ಆದರೆ ಕಾರಿನ ಬೆಲೆ ಒಂದೇ ಆದ ಮಾತ್ರಕ್ಕೆ ವಿಮೆ, ವಾರಂಟಿ ವಿಸ್ತರಣೆ, ಸರ್ವಿಸ್ ಪ್ಯಾಕೇಜು, ಹಳೆಯ ಕಾರಿಗೆ ಕಟ್ಟುವ ಬೆಲೆ ಇವೆಲ್ಲ ಒಂದೇ ಆಗುವುದಿಲ್ಲ. ಪ್ರಶ್ನೆ ಕೇಳುವ ಕೆಲಸ ತಪ್ಪಿದ್ದಲ್ಲ.

ಕೊನೆಗೆ ಡೆಲಿವರಿಯ ದಿನ. ಕಾರಿಗೆ ಕೆಂಪು ಬಟ್ಟೆ ಹೊದಿಸಿ, ಹಾರ ಹಾಕಿ, ಕೇಕು ಕತ್ತರಿಸಿ, ಫೋಟೋ ತೆಗೆಯುತ್ತಾರೆ. ಆ ಸಡಗರದ ನಡುವೆಯೇ ಹತ್ತು ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಂಜೆಯ ದೀಪದಲ್ಲಿ ಯಾವ ಗೀರು ಕಂಡೀತು? ಆದ್ದರಿಂದ ಹಿಂದಿನ ದಿನವೇ, ಹಗಲಿನಲ್ಲಿ, ಹೊದಿಕೆಯಿಲ್ಲದ ಕಾರನ್ನು ನೋಡಬೇಕು. ತಯಾರಾದ ತಿಂಗಳು ವರ್ಷ, ಓಡಿದ ಕಿಲೋಮೀಟರು, ಟೈರಿನ ಸ್ಥಿತಿ ಎಲ್ಲವನ್ನೂ ಬರೆದುಕೊಳ್ಳಬೇಕು. ಮೋಸವಾದರೆ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 50 ಲಕ್ಷದವರೆಗಾದರೆ ಜಿಲ್ಲಾ ಆಯೋಗ, ಅದನ್ನು ಮೀರಿ 2 ಕೋಟಿಯವರೆಗೆ ರಾಜ್ಯ ಆಯೋಗ. ಸಲಹೆಗೆ 1915 ಎಂಬ ಸಹಾಯವಾಣಿ. ಆದರೆ ಅಲ್ಲಿ ನಿಲ್ಲುವುದು ಕಾಗದ. ಬಾಯಿಮಾತಿನ ಭರವಸೆಯಲ್ಲ, ಕಾಫಿಯ ನೆನಪೂ ಅಲ್ಲ.

ನಮ್ಮ ಸಂಘಗಳಿಗೂ ಒಂದು ಮಾತು. ಮದುವೆಗೆ ವಧುವರರ ಮಾಹಿತಿ ಹಂಚಿಕೊಳ್ಳುವ ನಾವು ಕಾರಿನ ಬಿಲ್ಲನ್ನು ಮಾತ್ರ ಒಬ್ಬರಿಗೊಬ್ಬರು ತೋರಿಸುವುದಿಲ್ಲ. ಹೆಚ್ಚು ಕೊಟ್ಟದ್ದು ತಿಳಿದರೆ ನಾಚಿಕೆ, ಕಡಿಮೆ ಕೊಟ್ಟದ್ದು ತಿಳಿದರೆ ಅಸೂಯೆ. ಈ ಗುಟ್ಟನ್ನು ಬಿಟ್ಟು, ಕಳೆದ ವರ್ಷ ಕಾರು ಕೊಂಡ ನಾಲ್ವರು ತಮ್ಮ ಬಿಲ್ಲುಗಳನ್ನು ಒಂದೇ ಮೇಜಿನ ಮೇಲೆ ಹರಡಿದರೆ ಸಾಕು, ಐದನೆಯವನಿಗೆ ಯಾರ ಉಪದೇಶವೂ ಬೇಕಾಗದು. ಕಾರು ಯಾವುದಾದರೂ ಇರಲಿ, ಹೋಲಿಸಿ ನೋಡೋಣ. ಸಾಲು ಸಾಲಿಗೂ ಕಾರಣ ಕೇಳೋಣ. ಪಂಚೆಯುಟ್ಟ ತಂದೆಯವರನ್ನು ಮುಂದಿನ ಕುರ್ಚಿಯಲ್ಲೇ ಕೂರಿಸೋಣ. ಹಾರ ಹಿಡಿದು ಬಂದವರಿಗೆ ನಯವಾಗಿಯೇ ಹೇಳೋಣ: ಅದು ಆಮೇಲೆ, ಮೊದಲು ಲೆಕ್ಕ.